ಥಾರ್ನ್‌ಬೆಕ್ ಮಠದ ಮೌನಿಯಿಂದ ಬಾಯಿಮಾತಿನ ಒಪ್ಪಿಗೆ ಪಡೆಯುವ ಕುರಿತು

ಮಠಗಳ ವಿಸರ್ಜನಾ ಇಲಾಖೆ, ಯಾರ್ಕ್‌ಷೈರ್ ವಿಭಾಗ
ಸಂಖ್ಯೆ: ಮವಿಇ/ಮೌನ/೧೨/೧೫೩೮
ದಿನಾಂಕ: ೯ ನವೆಂಬರ್ ೧೫೩೮

ಉಲ್ಲೇಖ: ೧. ಘನ ಅರಸರ ಆಜ್ಞೆ.
೨. ಬ್ರದರ್ ಆಸ್ವಿನ್ ಅವರಿಂದ ಬಾರದ ಉತ್ತರ.

ಮಠಗಳೆಲ್ಲ ಅರಸರ ವಶಕ್ಕೆ ಬರಬೇಕಾಗಿದ್ದು, ಪ್ರತಿ ಸನ್ಯಾಸಿಯೂ ಸ್ವಇಚ್ಛೆಯಿಂದ “ಒಪ್ಪಿದೆ” ಎಂದು ಬಾಯಿಬಿಟ್ಟು ಹೇಳತಕ್ಕದ್ದು. ಸ್ವಇಚ್ಛೆ ತೋರದವರ ಮೇಲೆ ಕ್ರಮ ಜರುಗಿಸಲಾಗುವುದು. ಥಾರ್ನ್‌ಬೆಕ್‌ನ ಹನ್ನೆರಡು ಮಂದಿಯಲ್ಲಿ ಹತ್ತು ಮಂದಿ ಹೇಳಿ ಹೊರಟುಹೋಗಿರುತ್ತಾರೆ. ಹಾಸಿಗೆ ಹಿಡಿದಿರುವ ಫಾದರ್ ಆನ್ಸೆಲ್ಮ್ (ವಯಸ್ಸು ೮೪) ಹೇಳಿದ್ದಾರೆ, ಹೊರಟಿಲ್ಲ. ಅವರ ಆರೈಕೆಗೆ ನಿಂತಿರುವ ಬ್ರದರ್ ಆಸ್ವಿನ್ ಮೂವತ್ತೊಂದು ವರ್ಷಗಳಿಂದ ಮೌನವ್ರತದಲ್ಲಿದ್ದು, ಹೇಳಿಯೂ ಇಲ್ಲ, ಹೊರಟೂ ಇಲ್ಲ. ಆದ್ದರಿಂದ:

೧. ಸದರಿ ಮೌನವನ್ನು ಪೂರ್ವಾನ್ವಯವಾಗಿ ಮೂವತ್ತೊಂದು ವರ್ಷಗಳಿಗೂ ರದ್ದುಪಡಿಸಲಾಗಿದೆ.

೨. ತಲೆಯಾಡಿಸುವುದು, ಕೆಮ್ಮುವುದು ಒಪ್ಪಿಗೆಯಲ್ಲ. ಅಕ್ಟೋಬರ್ ೩ರ ಸೀನನ್ನು ಗುಮಾಸ್ತರು “ಒಪ್ಪಿದೆ” ಎಂದು ಬರೆದುಕೊಂಡಿದ್ದು, ಸದರಿ ಸೀನನ್ನು ಹಿಂಪಡೆಯಲಾಗಿದೆ.

೩. ಸ್ಥಳ ವಿಚಾರಣೆಯಲ್ಲಿ, ಬಿಯರ್ ಕಾಸುವ ವಿಧವೆ ಮಾರ್ಜರಿ ಪೆಲ್ ಅವರ ಹೇಳಿಕೆ ಯಥಾವತ್ತಾಗಿ: “ನನ್ ಹಂದಿ ನುಗ್ಗಿ ಆವಯ್ಯನ ಕೋಸೆಲ್ಲ ತಿಂದಾಗ್ಲೇ ಬಾಯಿ ಬಿಡಲಿಲ್ಲ ಸ್ವಾಮಿ, ನಿಮ್ ಕಾಗದಕ್ಕೆ ಬಿಡ್ತಾನಾ?” ಹಂದಿಯ ಹೇಳಿಕೆ ಪಡೆಯುವುದು ಬಾಕಿ ಇದೆ.

೪. ಕಾಲಹರಣ ತಪ್ಪಿಸಲು ನವೆಂಬರ್ ೫ರಂದು, ಮಳೆಯಲ್ಲಿಯೇ, ರೋಗಿಗಳ ಕೋಣೆಯ ಚಾವಣಿಯಿಂದ ಸೀಸದ ತಗಡು ಕೀಳಿಸಲಾಯಿತು. ಮೊದಲ ತಗಡು ಎದ್ದು ಫಾದರ್ ಅವರ ಮುಖದ ಮೇಲೆ ನೀರು ಬಿದ್ದೊಡನೆ, ಬ್ರದರ್ ಆಸ್ವಿನ್ ಏಣಿ ಹತ್ತಿ, ಮೇಸ್ತ್ರಿಯ ಕಾಲು ಹಿಡಿದೆಳೆದು, ಊರಿಗೆಲ್ಲ ಕೇಳುವಂತೆ ನುಡಿದಿರುತ್ತಾರೆ: “ಇಳೀರೋ ಕೆಳಗೆ! ಅವರು ನನಗೆ ಓದು ಕಲಿಸಿದೋರು. ಸಾಯೋವರೆಗಾದ್ರೂ ನೆನೀದೆ ಮಲಗಲಿ!”

೫. ಸದರಿ ಒಂಬತ್ತು ಪದಗಳನ್ನು ಪರಿಶೀಲಿಸಲಾಗಿ, “ಒಪ್ಪಿದೆ” ಎಂಬುದು ಕಂಡುಬಂದಿಲ್ಲ. ಕೂಲಿಯವರು ಶಿಲುಬೆಯ ಗುರುತು ಮಾಡಿಕೊಂಡು ಇಳಿದವರು ಮರಳಿ ಹತ್ತಿಲ್ಲ. ಮೇಸ್ತ್ರಿಯು ಅನುಮತಿಯಿಲ್ಲದೆ ತಗಡನ್ನು ಮೊದಲಿನಂತೆ ಬಡಿದು ಹೋಗಿರುತ್ತಾನೆ.

೬. ಈ ಕಾರಣ, ಸದರಿ ಕೋಣೆಯೊಂದನ್ನು ಹೊರತುಪಡಿಸಿ ಮಠವು ವಿಸರ್ಜನೆಗೊಂಡಿದೆಯೆಂದು ತಿಳಿಯತಕ್ಕದ್ದು. ಈ ವಿನಾಯಿತಿ ಫಾದರ್ ಆನ್ಸೆಲ್ಮ್ ಅವರ ಜೀವಿತಾವಧಿಗೆ ಮಾತ್ರ. ಸದರಿ ಅವಧಿಯನ್ನು ಅನಗತ್ಯವಾಗಿ ಮುಂದುವರಿಸಬಾರದೆಂದು ಈ ಮೂಲಕ ಸೂಚಿಸಲಾಗಿದೆ.

(ಸಹಿ)
ಉಪ ಆಯುಕ್ತರು, ವಿಸರ್ಜನೆ

ಪ್ರತಿಗಳು:
ಮೇಸ್ತ್ರಿಗೆ, ಕಾರಣ ಕೇಳಿ.
ಮಾರ್ಜರಿ ಪೆಲ್ ಅವರಿಗೆ, ಹಂದಿಯನ್ನು ಹಾಜರುಪಡಿಸಲು.
ಫಾದರ್ ಆನ್ಸೆಲ್ಮ್ ಅವರಿಗೆ, ಸೂಕ್ತ ಕ್ರಮಕ್ಕಾಗಿ.
ಬ್ರದರ್ ಆಸ್ವಿನ್ ಅವರಿಗೆ. ತಾವು ಈಗ ದಿನವಿಡೀ ಫಾದರ್ ಅವರೊಡನೆ ಮಾತನಾಡುತ್ತಿರುವುದಾಗಿಯೂ, ಅವರು ನಕ್ಕು ಎರಡು ಬಟ್ಟಲು ಗಂಜಿ ಕುಡಿಯುತ್ತಿರುವುದಾಗಿಯೂ ವರದಿಯಾಗಿದೆ. ಇದು ಜೀವಿತಾವಧಿಯನ್ನು ಹೆಚ್ಚಿಸುವ ಕೃತ್ಯವಾದ್ದರಿಂದ, ಕೂಡಲೇ ಮೌನವ್ರತಕ್ಕೆ ಮರಳತಕ್ಕದ್ದು.