ಹಲ್ಲಿಲ್ಲದ ಬಾಯಿಗೆ ಬಾಡಿನ ಉಂಡೆ

ಮಲೆ ಕೊರೆದು ತಿರುಗಿಸಿದ ಪೆರಿಯಾರ್ ನೀರು ಕಣಿವೆಗೆ ಇಳಿದ ಮರುವರ್ಷ, ತಮಿಳು ಸೀಮೆಯ ಕಂಬಂ ಊರಿನ ಬೇಸಾಯಗಾರ ಅಯ್ಯನಾರ್ ಹುಟ್ಟಿದ ಮೇಲೆ ಮೊದಲ ಸಲ ಅಡುಗೆ ಮಾಡಲು ತೀರ್ಮಾನಿಸಿದ. ಕಾರಣ, ಸಿಂಗ.

ಸಿಂಗ ಅವನ ಬೇಟೆನಾಯಿ. ಕೆಂಪು ಮೈ, ಕಪ್ಪು ಮೂತಿ. ಹನ್ನೆರಡು ವರ್ಷ ಮಲೆಯ ಹಂದಿಗಳಿಗೆ ನಿದ್ದೆ ಕೊಡದಿದ್ದ ಆ ಮಹಾಶೂರ ಪ್ರಾಣಿ ಒಂದು ದಿನ ಮುಂದೆ ಹಾಕಿದ ಮೂಳೆಯನ್ನು ಮೂಸಿ, ನಿಟ್ಟುಸಿರು ಬಿಟ್ಟು, ಗೋಡೆಯ ಕಡೆ ತಿರುಗಿ ಮಲಗಿತು. ಅಯ್ಯನಾರ್ ಓಡಿಹೋಗಿ ಅದರ ಬಾಯಿ ಅಗಲಿಸಿ ನೋಡಿದ. ಹಲ್ಲುಗಳೆಲ್ಲ ಹೇಳದೆ ಕೇಳದೆ ಊರು ಬಿಟ್ಟಿದ್ದವು!

"ನಾಯಿಗೆ ಹಲ್ಲಿಲ್ಲ! ನಾನಿರೋವರ್ಗೂ ಇದು ಬರೀ ಗಂಜಿ ಕುಡೀಬಾರ್ದು," ಎಂದು ಹೆಂಡತಿ ದೈವಾನೈಯ ಮುಂದೆ ಎದೆ ತಟ್ಟಿಕೊಂಡ. "ನನ್ನ ಕೈಯಾರೆ ನಾಯಿಗೆ ಬಾಡಿನ ಉಂಡೆ ಮಾಡ್ತೀನಿ. ಬಾಯ್ಗಿಟ್ರೆ ಬೆಣ್ಣೆ ಹಂಗೆ ಕರಗ್ಬೇಕು!"

"ಒಲೆ ಯಾವ ಮೂಲೇಲೈತೆ ಅಂತಾದ್ರೂ ಗೊತ್ತಾ ಮಾಮಾ?" ಎಂದಳು ಅವಳು.

ವೀರರು ಇಂಥ ಮಾತಿಗೆ ಕಿವಿಗೊಡುವುದಿಲ್ಲ. ಎಳೆ ಆಡಿನ ಮಾಂಸ ತಂದು, ಕೊಚ್ಚಿ, ದೈವಾನೈಯ ಅರೆಯುವ ಕಲ್ಲಿನಲ್ಲೇ ನುಣ್ಣಗೆ ಅರೆದು, ರಾಗಿ ಹಿಟ್ಟು ಸೇರಿಸಿ ಆವಿಯಲ್ಲಿ ಬೇಯಿಸಿದ. ಉಪ್ಪು ತಿಂದರೆ ನಾಯಿಯ ಕೂದಲು ಉದುರುತ್ತದೆಂದು ಬೇಟೆಗಾರರ ನಂಬಿಕೆ. ಹಾಗಾಗಿ ಉಪ್ಪಿಲ್ಲ, ಖಾರವೂ ಇಲ್ಲ. ಇಪ್ಪತ್ತು ಉಂಡೆ ಮಡಕೆಗೆ ತುಂಬಿ ಒಳಕೋಣೆಯ ಗೂಡಿನಲ್ಲಿಟ್ಟ. ಸಿಂಗ ಎರಡು ತಿಂದು ಬಾಲ ಅಲ್ಲಾಡಿಸಿತು. ಅಯ್ಯನಾರ್ ಮೀಸೆ ತಿರುವಿದ. ಮರುದಿನ ಅದೇ ಕಲ್ಲಿನಲ್ಲಿ ಅರೆದ ಚಟ್ನಿ ಆಡಿನಂತೆ ನಾರಿತು. ದೈವಾನೈ ಆ ದಿನವಿಡೀ ಮಾತು ಬಿಟ್ಟಳು.

ಅಷ್ಟಕ್ಕೇ ಮುಗಿಯಲಿಲ್ಲ. ಉಂಡೆಗಳು ಮಾಯವಾಗತೊಡಗಿದವು! ಮೂರನೆಯ ದಿನ ನೋಡಿದರೆ ಮಡಕೆಯ ತಳ ಕಾಣುತ್ತಿತ್ತು.

"ನೀನೇನಾದ್ರೂ ತಿಂದ್ಯಾ?"

"ನಾಯಿ ಉಂಡೆ ತಿನ್ನೋ ಗತಿ ಇನ್ನೂ ಬಂದಿಲ್ಲ ನಂಗೆ!"

ಮತ್ತೆ ಮಾಡಿದ. ಮತ್ತೆ ಮಾಯ. ಪಕ್ಕದ ಮನೆಯ ಪಾಂಡಿ ಇಪ್ಪತ್ತು ವರ್ಷ ಅವನ ಜೊತೆ ಬೇಟೆಗೆ ಹೋದವನು. ಅವನ ಮರಿನಾಯಿ ಬೀದಿಯಲ್ಲಿ ಮೂತಿ ನೆಕ್ಕಿಕೊಂಡದ್ದೇ ಅಯ್ಯನಾರ್‌ಗೆ ಸಾಕ್ಷಿಯಾಯಿತು. ಪಾಂಡಿಯ ಬಾಗಿಲಲ್ಲಿ ನಿಂತು ಊರಿಗೆಲ್ಲ ಕೇಳುವಂತೆ ಕೂಗಾಡಿದ.

"ನಾನು ಕಳ್ಳನಾ? ಇನ್ನು ನಿನ್ ಮನೆ ಮೆಟ್ಟಿಲು ತುಳಿಯಲ್ಲ ಪೋ!" ಎಂದು ಪಾಂಡಿ ಕದ ಹಾಕಿಕೊಂಡ.

ಆಗ ಅಯ್ಯನಾರ್ ಬ್ರಹ್ಮಾಸ್ತ್ರ ತೆಗೆದ. ಮುಂದಿನ ಸಲದ ಉಂಡೆಗೆ ಒಂದು ಹಿಡಿ ಒಣಮೆಣಸು, ಕದ್ದ ನಾಯಿಯ ಕೂದಲು ಉದುರಲೆಂದು ಮೇಲೆ ಉಪ್ಪು! ಸಿಂಗನಿಗೆ ಬೇರೆ ಎತ್ತಿಟ್ಟ. ನಡುಮಧ್ಯಾಹ್ನ, ದೊಣ್ಣೆ ಹಿಡಿದು ಭತ್ತದ ಕಣಜದ ಹಿಂದೆ ಅಡಗಿ ಕೂತ.

ಕಳ್ಳ ಬಂದ. ಗೋಡೆ ಹಿಡಿದುಕೊಂಡು, ಒಂದೊಂದೇ ಹೆಜ್ಜೆ ಇಡುತ್ತ. ಅಯ್ಯನಾರ್‌ನ ತಾಯಿ, ಓಚ್ಚಮ್ಮಾಳ್!

ಮುದುಕಿ ಉಂಡೆ ಮುರಿದು ಬಾಯಿಗೆ ಹಾಕಿಕೊಂಡಳು. ಅಯ್ಯನಾರ್ ದೊಣ್ಣೆ ಬಿಸಾಡಿದ. "ಅವ್ವಾ, ಉಗಿ! ಉಗಿ ಮೊದ್ಲು!" ಎನ್ನುತ್ತ ಮಜ್ಜಿಗೆ ತರಲು ಓಡಿದ.

ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಓಚ್ಚಮ್ಮಾಳ್ ನಗುತ್ತಿದ್ದಳು. "ಇವತ್ತೇ ರಾಸಾ, ನನ್ ಮಗನೇ, ರುಚಿ ಹತ್ತಿದ್ದು! ಇಷ್ಟು ದಿನ ಉಪ್ಪಿಲ್ಲ, ಖಾರ ಇಲ್ಲ. ಗಂಡು ಕೂಸು, ಅವನಿಗೆ ಅಡ್ಗೆ ಏನು ತಿಳ್ದೀತು ಅಂತ ಸುಮ್ನೆ ತಿಂದೆ."

"ಯಾರ್ಗೆ ಮಾಡಿದ್ದು ಅಂದ್ಕೊಂಡೆ ಅವ್ವಾ?"

"ಅವತ್ತು ನೀನೇ ಕೂಗ್ತಿದ್ಯಲ್ಲ! 'ತಾಯಿಗೆ ಹಲ್ಲಿಲ್ಲ, ತಾಯಿಗೆ ಮಾಡ್ತೀನಿ' ಅಂತ. ಬೀದಿಗೆಲ್ಲ ಹೇಳಿದೀನಿ ನಾನು."

ಅವಳ ಕಿವಿ ಮಂದ. ನಾಯಿ ತಾಯಿಯಾಗಿತ್ತು.

ಅಯ್ಯನಾರ್ ಮಜ್ಜಿಗೆ ಚೊಂಬು ಹಿಡಿದೇ ನಿಂತ. ಅವಳ ಕೊನೆಯ ದವಡೆ ಹಲ್ಲು ಬಿದ್ದು ಮೂರು ವರ್ಷವಾಗಿತ್ತು. ಬಾಡು ಬೆಂದ ದಿನವೆಲ್ಲ "ನಂಗೆ ಸಾರೇ ಸಾಕು" ಎನ್ನುತ್ತಿದ್ದಳು. ಅವನೂ ಸಾಕೇನೋ ಎಂದುಕೊಂಡು ತನ್ನ ಪಾಲಿನ ಮೂಳೆ ಚೀಪುತ್ತಿದ್ದ. ನಾಯಿ ಮೂಳೆ ಬಿಟ್ಟದ್ದು ಮಾತ್ರ ಮೊದಲ ದಿನವೇ ಕಣ್ಣಿಗೆ ಬಿದ್ದಿತ್ತು.

ಬಾಗಿಲಲ್ಲಿ ದೈವಾನೈ ನಿಂತಿದ್ದಳು.

"ನಿಂಗೆ ಗೊತ್ತಿತ್ತಾ?" ಎಂದ ಮೆಲ್ಲಗೆ.

"ಎರಡನೇ ದಿನವೇ."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ಅತ್ತೆ ತಿನ್ನೋದು ನಿಲ್ಲಿಸ್ತಿದ್ರು. ನೀವು ಮಾಡೋದೂ ನಿಲ್ಲಿಸ್ತಿದ್ರಿ."

ಸಂಜೆ ಅವನು ಪಾಂಡಿಯ ಕದ ತಟ್ಟಿದ. "ಕಳ್ಳ ಸಿಕ್ಕಿದ ಪಾಂಡಿ."

"ಯಾರು?"

"ನಾನೇ," ಎಂದು ನಡೆದದ್ದನ್ನೆಲ್ಲ ಹೇಳಿದ. ಪಾಂಡಿ ನಗಲೂ ಇಲ್ಲ, ಬೈಯಲೂ ಇಲ್ಲ. ಕದ ಅಗಲವಾಗಿ ತೆರೆದು, "ನಮ್ಮವ್ವಂಗೂ ಹಲ್ಲಿಲ್ಲ ಕಣೋ. ಹೆಂಗೆ ಅರೀಬೇಕು, ಹೇಳು," ಎಂದ.

ಮಾರನೆಯ ದಿನ ಅಯ್ಯನಾರ್ ಉಪ್ಪು, ಖಾರ, ಸೋಂಪು ಹದವಾಗಿ ಹಾಕಿ ಉಂಡೆ ಬೇಯಿಸಿದ. ತಾಯಿಯನ್ನು ಜಗುಲಿಯಲ್ಲಿ ಕೂರಿಸಿ, ಎಲೆ ಹಾಕಿ, ಬಿಸಿಬಿಸಿಯಾಗಿ ಬಡಿಸಿದ. ಕೆಳಗೆ ಸಿಂಗ ತನ್ನ ಪಾಲಿಗಾಗಿ ಬಾಯಿ ತೆರೆದು ಕಾಯುತ್ತಿತ್ತು. ಅದನ್ನೇ ನೋಡುತ್ತಿದ್ದ ಓಚ್ಚಮ್ಮಾಳ್ ಮಗನ ಮೊಣಕೈ ತಿವಿದಳು.

"ಪಾಪ ರಾಸಾ, ಅದಕ್ಕೂ ಒಂದು ಹಾಕು. ಅದಕ್ಕೂ ಹಲ್ಲಿಲ್ಲ. ನೀನು ನೋಡೇ ಇಲ್ಲ!"