ಹದಿಮೂರು ದಿನದ ಗಡುವು

ಸತ್ತವರ ಸಾಲ ತೀರಿಸುವುದರಲ್ಲಿ ನಮ್ಮ ಕಾಕೂನನ್ನು ಮೀರಿಸುವವರು ಇಡೀ ಪುಣೆಯಲ್ಲಿಲ್ಲ. ಮಾಡದ ಸಾಲವನ್ನೂ ತೀರಿಸಿದ ಮಹಾತಾಯಿ ಆಕೆ!

ಆಕೆಯ ಗಂಡ, ನಮ್ಮ ಕಾಕಾ, ತೀರಿಕೊಂಡ ಮೂರನೆಯ ದಿನವೇ ಧನಕವಡಿಯ ಓಣಿಗೆಲ್ಲ ಸಾರಿಬಿಟ್ಟಳು: “ನಮ್ಮವರು ಯಾರಿಗರ ಕೊಡೋದಿದ್ರ ಹದಿಮೂರು ದಿನದೊಳಗ ಬಂದು ಕೇಳ್ರಿ. ಋಣ ಹೊತ್ಕೊಂಡು ಹೋಗಬಾರದು ಅವರು.” ಕೇಳಬೇಕೇ? ಚಹಾದವನು ಬಂದ, ಇಸ್ತ್ರಿಯವನು ಬಂದ. ಜನ್ಮದಲ್ಲಿ ಎಲೆ ಅಡಿಕೆ ಮುಟ್ಟದ ಕಾಕಾನ ಹೆಸರಲ್ಲಿ ಪಾನಪಟ್ಟಿಯವನೂ ಬಂದ!

“ಕಾಕೂ, ಇವ ಸುಳ್ಳು ಹೇಳ್ತಾನ,” ಎಂದೆ ನಾನು.

“ಇರಲಿ ಬಿಡೋ. ಖರೇ ಇದ್ರ?” ಎಂದು ಎಣಿಸಿ ಕೊಟ್ಟಳು.

ನಿಜವಾದ ಬಾಕಿ ಇದ್ದದ್ದು ಪಾಲಿಕೆಗೆ. ಕಾಕಾ ಕೊನೆಯ ಎರಡು ವರ್ಷ ಮನೆ ತೆರಿಗೆ ಕಟ್ಟಿರಲಿಲ್ಲ. ಅದರ ನೋಟಿಸು ಬಂದಾಗಲೆಲ್ಲ ಕಾಕೂ ಲಕೋಟೆಯನ್ನು ಹಾಗೇ ವಾಪಸು ಕಳಿಸಿದಳು. ಕಾರಣ? ಹದಿಮೂರು ದಿನ ಮುಗಿದಿತ್ತು! ಬಾಕಿಗೆ ದಂಡ ಸೇರಿತು, ಮನೆಯ ದಾಖಲೆಯ ಮೇಲೆ ಬೋಜಾ, ಅಂದರೆ ಬಾಕಿಯ ಋಣಭಾರ, ಏರಿತು. ಪೂರ್ತಿ ಕಟ್ಟಿ ಅದನ್ನು ಇಳಿಸುವ ತನಕ ಮನೆ ಕಾಕೂನ ಹೆಸರಿಗೆ ಆಗುವಂತಿಲ್ಲ. ಕಟ್ಟದೇ ಹೋದರೆ ಹರಾಜು.

ಕೊನೆಗೆ ನಾನೇ ಕಚೇರಿಗೆ ಕರೆದುಕೊಂಡು ಹೋದೆ. ಗುಮಾಸ್ತ ಸೊಲ್ಲಾಪುರದ ಕಡೆಯವನು, ಕನ್ನಡ ಬಲ್ಲವನು. ಕಾಕೂ ಅವನನ್ನೇ ವಿಚಾರಣೆಗೆ ತೆಗೆದುಕೊಂಡಳು.

“ಹದಿಮೂರು ದಿನದಾಗ ಯಾಕ ಬರಲಿಲ್ರಿ? ಪಾನಪಟ್ಟಿಯವಗ ಇದ್ದಷ್ಟು ಕಾಳಜಿ ನಿಮಗಿಲ್ಲೇನು?”

“ಮಾವಶಿ, ಸರಕಾರ ದಿನಕರ್ಮಕ್ಕ ಬರೂದಿಲ್ರಿ.”

“ಊಟಕ್ಕರ ಬರಬೇಕಿತ್ತು. ಹೋಳಿಗಿ ಮಾಡಿಸಿದ್ದೆ!”

ಗುಮಾಸ್ತ ನಕ್ಕು, ಕಾರಣ ಬರೆದು ಅರ್ಜಿ ಹಾಕಿದರೆ ದಂಡ ಮಾಫಿಯಾದೀತು ಎಂದ. ಕಾಕೂನ ಹತ್ತಿರ ಇದ್ದದ್ದು ಮಂಡಿ ಆಪರೇಷನ್ನಿಗೆಂದು ಕೂಡಿಟ್ಟ ದುಡ್ಡು ಮಾತ್ರ. ದಂಡ ಹೋದರೆ ಅದರಲ್ಲಿ ಅರ್ಧದಷ್ಟು ಉಳಿಯುತ್ತಿತ್ತು. ಹುರುಪಿನಿಂದ ಮರಾಠಿಯಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದೆ: “ಮೃತರ ನಿರ್ಲಕ್ಷ್ಯದಿಂದ ತೆರಿಗೆ ಬಾಕಿ ಉಳಿದಿದೆ.”

ಕಾಕೂ ಪೆನ್ನು ಕೆಳಗಿಟ್ಟಳು.

“ಸಹಿ ಮಾಡಂಗಿಲ್ಲ. ತಪ್ಪು ನಂದು ಅಂತ ಬರಿ.”

“ಹಂಗ ಬರದ್ರ ಮಾಫಿ ಆಗೂದಿಲ್ರಿ ಮಾವಶಿ,” ಎಂದ ಗುಮಾಸ್ತ.

“ಆಗದಿದ್ರ ಬಿಡ್ರಿ. ಆ ಎರಡು ವರ್ಷ ಈ ಮಂಡಿ ಸಲುವಾಗಿ ನನ್ನ ಕರಕೊಂಡು ದವಾಖಾನಿಗೆ ಓಡ್ಯಾಡಿ ಸವದು ಹೋದ್ರು. ಅವರು ನಿರ್ಲಕ್ಷ್ಯ ಮಾಡಿದ್ದು ತಮ್ಮ ಎದಿನೋವು ಒಂದ.”

ಆ ಸಾಲು ಬರೆದದ್ದಕ್ಕೆ ನನಗೆ ಬಹಳ ನಾಚಿಕೆಯಾಯಿತು. ಅರ್ಜಿ ಹರಿದು ಹಾಕಿದೆ. ಕಾಕೂ ನೋವಿರದ ಕಾಲಿನ ಮೇಲೆ ಭಾರ ಹಾಕಿ ನಿಂತು, ಮಂಡಿಯ ದುಡ್ಡನ್ನೆಲ್ಲ ಕಿಟಕಿಯೊಳಗೆ ಸರಿಸಿದಳು.