ವೈರಿಗಳು ಕೊಂಡ ಕುಕ್ಕರು

ಈ ಕತೆಯಲ್ಲಿ ಯಾವುದು ನಡೆದದ್ದು, ಯಾವುದು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರ ಓದುವಾಗ ಎಲ್ಲವನ್ನೂ ಸಂಶಯಿಸಲು ಹೇಳಿಕೊಟ್ಟರು. ದೇವರಿಂದ ಹಿಡಿದು ಬಸ್ಸಿನ ಬೋರ್ಡಿನವರೆಗೆ ಸಂಶಯಿಸುತ್ತ ಬಂದು, ಈಗ ಬೇರೇನೂ ಉಳಿಯದೆ ನನ್ನ ನೆನಪನ್ನೇ ಸಂಶಯಿಸತೊಡಗಿದ್ದೇನೆ. ನಿನ್ನೆ ಯಾವ ಸಾಂಬಾರು ಉಂಡಿರಿ ಎಂದು ಯಾರಾದರೂ ಕೇಳಿದರೆ ಹೆಂಡತಿಯ ಮುಖ ನೋಡುತ್ತೇನೆ. "ಹೀರೆಕಾಯಿ. ಉಪ್ಪು ಹೆಚ್ಚು ಅಂತ ಹೇಳಿದ್ದೂ ನೀವೇ" ಎನ್ನುತ್ತಾಳೆ. ಹಾಗಾಗಿ ನಮ್ಮ ಕ್ಲಬ್ಬಿಗೆ ಹೆಣ ಇಡುವ ಫ್ರೀಜರ್ ಪೆಟ್ಟಿಗೆ ಬಂದ ಬಗೆಯನ್ನು ಹೇಳುವಾಗ ಓದುವವರು ನನ್ನ ಮೇಲೆ ಒಂದು ಕಣ್ಣಿಟ್ಟಿರುವುದು ಒಳ್ಳೆಯದು.

ನಮ್ಮ ವಾಮದಪದವಿನ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಮನೆಗೊಬ್ಬರು ಗಲ್ಫಿನಲ್ಲಿದ್ದಾರೆ. ಆದ್ದರಿಂದ ಇಲ್ಲಿ ಸತ್ತವರು ಕೂಡಲೇ ಹೊರಡುವಂತಿಲ್ಲ, ವಿಮಾನ ಬರುವವರೆಗೆ ಕಾಯಬೇಕು. ಕಾಯಲು ಪೆಟ್ಟಿಗೆ ಬೇಕು. ಅದು ಬಾಡಿಗೆಗೆ ಸಿಗುವುದು ಮೂಡುಬಿದಿರೆಯಲ್ಲಿ, ಅಲ್ಲಿಯವರು ಯಾರೂ ಆ ಹೊತ್ತಿಗೆ ಸಾಯದಿದ್ದರೆ. ನಮ್ಮ ಕ್ಲಬ್ಬಿನ ಅಧ್ಯಕ್ಷ, ಹಾರ್ಡ್‌ವೇರ್ ಅಂಗಡಿಯ ಸುಂದರಣ್ಣನ ತಂದೆ ತೀರಿಕೊಂಡಾಗ ಸಿಗಲಿಲ್ಲ. ತಂಗಿ ವನಜ ಮಸ್ಕತ್ತಿನಿಂದ ಬಂದಿಳಿಯುವಾಗ ನೋಡಲು ಉಳಿದದ್ದು ಬೂದಿ. ಅವಳು ಅಣ್ಣನಿಗೆ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತು. ಈಗ ತಾಯಿ ಗಿರಿಜಕ್ಕ ಹಾಸಿಗೆ ಹಿಡಿದಿದ್ದರು. ಅವರು ಹೋಗುವ ಮೊದಲು ಪೆಟ್ಟಿಗೆ ಬರಬೇಕು, ಈ ಸಲವಾದರೂ ವನಜ ಮುಖ ನೋಡಬೇಕು. ಸುಂದರಣ್ಣನ ತಲೆಯಲ್ಲಿದ್ದದ್ದು ಅದೊಂದೇ.

ದೇಣಿಗೆ ಕೇಳಲು ಹೋದೆವು. ಕ್ಲಬ್ಬಿನ ಕಬಡ್ಡಿಗೆ ಧಾರಾಳವಾಗಿ ಕೊಡುವವರು ಹೆಣದ ಪೆಟ್ಟಿಗೆ ಎಂದೊಡನೆ ಕೈ ಬಿಗಿಹಿಡಿದರು. "ನನ್ನ ಅಪ್ಪನಿಗೆ ಹುಷಾರಿಲ್ಲ ಅಂತ ನಿಮಗೆ ಯಾರು ಹೇಳಿದ್ದು?" ಎಂದು ಒಬ್ಬರು ಜಗಳಕ್ಕೇ ನಿಂತರು. ಆಗ ಹೊಳೆದದ್ದು ಲಿಂಕಿನ ಉಪಾಯ. ಹೊಳೆದದ್ದು ನನಗೆ ಎಂದು ನನ್ನ ನೆನಪು, ತನಗೆ ಎಂದು ಸುಂದರಣ್ಣ. ಒಂದು ಆನ್‌ಲೈನ್ ಅಂಗಡಿ ಕ್ಲಬ್ಬಿನ ಹೆಸರಿಗೆ ಲಿಂಕ್ ಕೊಡುತ್ತದೆ. ಅದನ್ನು ಒತ್ತಿ ಯಾರು ಏನು ಕೊಂಡರೂ ನಮಗೆ ಸ್ವಲ್ಪ ಕಮಿಷನ್. ಕೊಳ್ಳುವವರ ಕಿಸೆಗೆ ಹೆಚ್ಚುವರಿ ಭಾರವಿಲ್ಲ, ಸಾವಿನ ಮಾತೆತ್ತಬೇಕೆಂದೂ ಇಲ್ಲ. ಊರು ಕುಕ್ಕರು, ಚಪ್ಪಲಿ, ಟಾರ್ಪಾಲು ಎಂದು ಕೊಳ್ಳತೊಡಗಿತು. ಸುದ್ದಿ ಗಿರಿಜಕ್ಕನಿಗೂ ಮುಟ್ಟಿತು. ನೋಡಲು ಹೋದ ನನ್ನನ್ನು ಮಂಚದ ಹತ್ತಿರ ಕರೆದರು.

"ಆ ಪೆಟ್ಟಿಗೆ ನನಗೇ ಅಲ್ವಾ ಮಗಾ?"

"ಛೆ, ಊರಿಗೆ ಗಿರಿಜಕ್ಕ."

"ಊರಿಗೆ ಅಂತ ಹೇಳಿ ಮೊದಲು ಮಲಗಿಸುವುದು ನನ್ನನ್ನೇ. ಒಳಗೆ ಚಳಿ ಉಂಟಾ?"

"ಉಂಟು."

"ಹಾಗಾದ್ರೆ ಒಂದು ಸ್ವೆಟರ್ ತರಿಸು. ಆ ಲಿಂಕಿನಲ್ಲೇ ತರಿಸು. ಪೆಟ್ಟಿಗೆಗೂ ಆಯ್ತು, ನನಗೂ ಆಯ್ತು."

ಗುಲಾಬಿ ಬಣ್ಣದ್ದು ಬಂತು. ಸೆಕೆಗಾಲದಲ್ಲಿ ಅದನ್ನು ತೊಟ್ಟುಕೊಂಡು, ಆರೋಗ್ಯ ವಿಚಾರಿಸಲು ಬಂದವರಿಗೆಲ್ಲ "ನೀವೂ ತರಿಸಿ" ಎಂದು ವ್ಯಾಪಾರ ಮಾಡಿದರು.

ಅಷ್ಟರಲ್ಲಿ ಕಂಪೆನಿಯ ಸಂದೇಶ ಬಂತು: ನೆಂಟರು ಮತ್ತು ಸ್ನೇಹಿತರ ಖರೀದಿಗೆ ಕಮಿಷನ್ ಇಲ್ಲ. ಒಂದೇ ಮೂಲೆಯ ವಿಳಾಸಗಳಿಗೆ ಅಷ್ಟೊಂದು ಕುಕ್ಕರು ಹೋದದ್ದು ನೋಡಿ ಅಲ್ಲಿನ ಯಂತ್ರಕ್ಕೆ ಗುಮಾನಿ ಬಂದಿರಬೇಕು. ಸಂಶಯದಲ್ಲಿ ನನ್ನನ್ನೂ ಮೀರಿಸಿದ್ದು ಅದೊಂದೇ.

"ಮಾಷ್ಟ್ರೆ, ಇಲ್ಲಿ ನೆಂಟರಲ್ಲದವರು ಯಾರಿದ್ದಾರೆ?" ಎಂದ ಸುಂದರಣ್ಣ. ನಾನು ಕಾಲೇಜಿನಲ್ಲಿ ಪಾಠ ಮಾಡುವುದರಿಂದ ಊರಿಗೆಲ್ಲ ಮಾಷ್ಟ್ರು. "ನೀವೇ ನನ್ನ ಹೆಂಡತಿಗೆ ಒಂದು ಕಡೆಯಿಂದ ಭಾವ ಆಗ್ಬೇಕು. ನೆಂಟರೂ ಅಲ್ಲ, ಸ್ನೇಹಿತರೂ ಅಲ್ಲ ಅಂದ್ರೆ ವೈರಿಗಳೇ ಆಗ್ಬೇಕಷ್ಟೆ."

ವೈರಿಗಳು ಇದ್ದರು. ಕಕ್ಕಿಂಜೆಯ ಕ್ಲಬ್ಬು. ಕಬಡ್ಡಿ ಫೈನಲಿನಲ್ಲಿ ಕುರ್ಚಿಗಳು ಹಾರಿದ ಮೇಲೆ ಎರಡು ಊರಿಗೂ ಮಾತಿರಲಿಲ್ಲ. ನಾವಿಬ್ಬರೂ ಹೋದೆವು. ಅಲ್ಲಿನ ಕಾರ್ಯದರ್ಶಿ ವಿಶ್ವನಾಥ ನಮ್ಮನ್ನು ಕೂರಿಸದೆಯೇ ಕೇಳಿಸಿಕೊಂಡ.

"ನಿಮ್ಮ ಕ್ಲಬ್ಬಿಗೆ ಲಾಭ ಆಗ್ಲಿ ಅಂತ ನಾವು ಕುಕ್ಕರ್ ತಗೊಳ್ಬೇಕಾ? ನಾಚಿಕೆ ಆಗುದಿಲ್ವಾ ನಿಮಗೆ?"

"ಆಗ್ತದೆ," ಎಂದ ಸುಂದರಣ್ಣ. "ಅಮ್ಮ ಮಲಗಿದ್ದಾರೆ ಮಾರಾಯ."

ವಿಶ್ವನಾಥ ಕುರ್ಚಿಯೊಂದನ್ನು ನಮ್ಮತ್ತ ತಳ್ಳಿದ. "ಪೆಟ್ಟಿಗೆ ನಮ್ಮೂರಿಗೂ ಕೊಡ್ತೀರಾ?"

"ಕೊಡ್ತೇವೆ. ಆದ್ರೆ ರಾಜಿ ಬೇಡ. ರಾಜಿ ಆದ್ರೆ ಕಮಿಷನ್ ಹೋಗ್ತದೆ."

"ನಿಮ್ಮೊಟ್ಟಿಗೆ ರಾಜಿ ಯಾರಿಗೆ ಬೇಕು?"

ಕಕ್ಕಿಂಜೆ ಕೊಂಡಿತು. ಮುಂದಿನ ಕಬಡ್ಡಿಯಲ್ಲಿ ಎರಡೂ ಕಡೆಯವರು ಬಹಳ ಜವಾಬ್ದಾರಿಯಿಂದ ಒಬ್ಬರಿಗೊಬ್ಬರು ಬೈದೆವು. ಬಂದ ಕಮಿಷನ್ನಿಗೆ ಸುಂದರಣ್ಣ ತನ್ನ ಕೈಯಿಂದ ಕೂಡಿಸಿ, ಮಂಗಳೂರಿನಿಂದ ಒಂದು ಹಳೆಯ ಪೆಟ್ಟಿಗೆ ತಂದೇಬಿಟ್ಟ.

ಮೊದಲ ಕರೆ ಬಂದದ್ದು ಕಕ್ಕಿಂಜೆಯಿಂದ. ವಿಶ್ವನಾಥನ ಸೋದರಮಾವ ಹೋಗಿದ್ದರು, ಮಗ ದುಬಾಯಿಯಿಂದ ಬರಬೇಕಿತ್ತು. ಪೆಟ್ಟಿಗೆ ಕಳುಹಿಸಿದೆವು. ಮರುದಿನ ಬೆಳಿಗ್ಗೆ ಗಿರಿಜಕ್ಕ ಹೋದರು. ಮೂಡುಬಿದಿರೆಯ ಪೆಟ್ಟಿಗೆಯೂ ಯಾರದೋ ಮನೆಯಲ್ಲಿತ್ತು. ನಮ್ಮದನ್ನು ವಾಪಸು ತರಿಸುವ ಎಂದು ನಾನು ಹೇಳಿದೆ.

"ಅವರ ಹುಡುಗ ವಿಮಾನ ಹತ್ತಿ ಆಗಿದೆ ಮಾಷ್ಟ್ರೆ," ಎಂದ ಸುಂದರಣ್ಣ. "ನಿಮ್ಮ ಮಾವನನ್ನು ಹೊರಗೆ ತೆಗೆದಿಡಿ ಅಂತ ನಾನು ಯಾವ ಬಾಯಲ್ಲಿ ಹೇಳಲಿ?"

ಕಡೆಗೆ ಐಸು ತರಿಸಬೇಕಾಯಿತು. ಬೆಳ್ತಂಗಡಿಯಿಂದ ಬಂದ, ಮೀನಿಗೆ ಹಾಕುವ ಐಸು. ದೊಡ್ಡ ದೊಡ್ಡ ತುಂಡುಗಳನ್ನು ಗಿರಿಜಕ್ಕನ ಸುತ್ತ ಜೋಡಿಸಿದರು. ಊದುಬತ್ತಿ ಎಷ್ಟು ಹಚ್ಚಿದರೂ ಮನೆಯೆಲ್ಲ ಬೂತಾಯಿ ಮೀನಿನ ವಾಸನೆ. ಹೆಂಗಸರು ಮುಖ ಮುಖ ನೋಡಿಕೊಂಡರು. "ಇರಲಿ, ಅಮ್ಮನಿಗೆ ಬೂತಾಯಿ ಅಂದ್ರೆ ಜೀವ" ಎಂದು ಹೇಳಿ ಸುಂದರಣ್ಣ ಆ ದಿನ ಮೊದಲ ಬಾರಿಗೆ ಅತ್ತ.

ಆ ಐಸಿಗಾಗಿ ಕಾರು ಓಡಿಸಿದ್ದು, ಅಂಗಡಿಯವನ ಕಾಲು ಹಿಡಿಯುವಷ್ಟು ಬೇಡಿದ್ದು, ಕರಗುವ ಮೊದಲು ತಲುಪಿಸಿದ್ದು ನಾನು. ಸೀಟು ಒದ್ದೆಯಾದದ್ದೂ ನೆನಪಿದೆ. ಇದನ್ನು ಮದುವೆಮನೆಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಮೊನ್ನೆ ಹೀಗೆಯೇ ಹೇಳುತ್ತಿರುವಾಗ ಹೆಂಡತಿ ಎದ್ದು ಒಳಗೆ ಹೋದಳು. ಆ ಹೋದ ರೀತಿ ನನಗೆ ಸರಿಕಾಣಲಿಲ್ಲ. ಮಸ್ಕತ್ತಿಗೆ ಫೋನ್ ಮಾಡಿ ವನಜಳನ್ನೇ ಕೇಳಿದೆ.

"ಅಮ್ಮನ ಮುಖ ನೋಡಿದೆ ಮಾಷ್ಟ್ರೆ. ಮಲಗಿದ ಹಾಗೇ ಇತ್ತು," ಎಂದಳು. "ಐಸು ತಂದದ್ದು ಕಕ್ಕಿಂಜೆಯ ವಿಶ್ವನಾಥರು. ಮಾವನನ್ನು ಮನೆಯಲ್ಲಿಟ್ಟುಕೊಂಡೇ ಬಂದಿದ್ದರಂತೆ. ನಾನು ಬಂದಾಗಲೂ ಇನ್ನೊಂದು ಲೋಡು ಇಳಿಸ್ತಾ ಇದ್ದರು. ನೀವು ಜಗಲಿಯಲ್ಲಿ ಕೂತು, ಸಾವು ಅಂದ್ರೆ ಎಂತ ಅಂತ ಎಲ್ಲರಿಗೂ ವಿವರಿಸ್ತಾ ಇದ್ದಿರಿ."

ವಿಶ್ವನಾಥನನ್ನೂ ವಿಚಾರಿಸಿ ನೋಡಿದೆ. ಹೌದಂತೆ.